ಕೆನ್ನಾಯಿಗಿಂತ ಮೊದಲು ಊರನಾಯಿಗೆ

ಮಂಗಳೂರು

ಪ್ರಿಯ ಅಣ್ಣ,

ಮಂಗಳೂರಿನಿಂದ ಮೂಡುಬಿದಿರೆಯ ದಾರಿಯಲ್ಲಿ ವಾಮಂಜೂರಿನ ಬಳಿ ಶಿವರಾಮ ಕಾರಂತರ ಹೆಸರು ಹೊತ್ತ ಪಿಲಿಕುಳ ನಿಸರ್ಗಧಾಮವಿದೆ. ಅದರ ಜೈವಿಕ ಉದ್ಯಾನ ಕಾಳಿಂಗ ಸರ್ಪಗಳ ಸಂತಾನವೃದ್ಧಿಗೆ ಹೆಸರಾದದ್ದು. ನಮ್ಮ ಜೋಯಿಡಾದ ಕಾಡಿನಲ್ಲಿರುವ ಕೆನ್ನಾಯಿಗಳನ್ನೂ ಇಲ್ಲಿ ಸಾಕಿದ್ದಾರೆ. ಇಲ್ಲಿಂದ ಬೇರೆ ರಾಜ್ಯದ ಮೃಗಾಲಯಗಳಿಗೂ ಕೆನ್ನಾಯಿಗಳು ಹೋಗಿವೆ. ಬೇಲಿಯಾಚೆ ಹೊಳೆಯುವ ಕೆಂಗಂದು ಮೈಯನ್ನು ಕಂಡ ಯಾರಿಗಾದರೂ ಈ ಜೀವಿ ಉಳಿಯಿತು ಎಂಬ ಸಮಾಧಾನ ಹುಟ್ಟುತ್ತದೆ. ಆ ಸಮಾಧಾನ ಅರ್ಧ ಮಾತ್ರ ಸರಿ ಎಂದು ಹೇಳುವುದಕ್ಕೇ ಈ ಪತ್ರ. ರೋಗದ ಭಯವಿರುವ ಕಾಡುಪ್ರಾಣಿಯನ್ನು ಬೇಲಿಯೊಳಗೆ ಬೆಳೆಸುವುದರಿಂದ ನಮಗೆ ಸಿಗುವುದು ಕಾಲಾವಕಾಶ. ಆ ಅವಕಾಶದಲ್ಲಿ ರೋಗದ ಮೂಲಕ್ಕೆ ಮದ್ದು ಹಾಕದಿದ್ದರೆ ಬೇಲಿಯೊಳಗಿನ ಸಂತಾನಕ್ಕೆ ಹಿಂತಿರುಗಲು ಕಾಡೇ ಇರುವುದಿಲ್ಲ. ಕೆನ್ನಾಯಿಯ ವಿಷಯದಲ್ಲಿ ಆ ಮೂಲ ಇರುವುದು ಕಾಡಿನಂಚಿನ ನಮ್ಮ ಅಂಗಳಗಳಲ್ಲಿ.

ಇದನ್ನು ಜಗತ್ತಿಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಲಿಸಿಕೊಟ್ಟದ್ದು ಟ್ಯಾಸ್ಮೇನಿಯ. ಆಸ್ಟ್ರೇಲಿಯದ ದಕ್ಷಿಣದ ಆ ದ್ವೀಪದಲ್ಲಿ ಡೆವಿಲ್ ಎಂಬ ಪ್ರಾಣಿಯಿದೆ. ಕಾಂಗರೂವಿನಂತೆ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಬೆಳೆಸುವ ಬಳಗಕ್ಕೆ ಸೇರಿದ್ದು, ಆದರೆ ಮಾಂಸಾಹಾರಿ. 1996ರಲ್ಲಿ ದ್ವೀಪದ ಈಶಾನ್ಯ ಭಾಗದಲ್ಲಿ ಮುಖದ ತುಂಬ ಗಡ್ಡೆಗಳಿದ್ದ ಡೆವಿಲ್‌ಗಳು ಕಾಣಿಸಿದವು. ಸಂಶೋಧಕರು ಹುಡುಕುತ್ತ ಹೋದಾಗ ವೈರಸ್ಸೂ ಸಿಗಲಿಲ್ಲ, ಬ್ಯಾಕ್ಟೀರಿಯವೂ ಸಿಗಲಿಲ್ಲ. ಅಂಟುತ್ತಿದ್ದದ್ದು ಕ್ಯಾನ್ಸರೇ. ಎಂದೋ ಸತ್ತುಹೋದ ಒಂದು ಹೆಣ್ಣು ಡೆವಿಲ್‌ನ ನರಗಳ ಹೊದಿಕೆಯಲ್ಲಿ ಕೆಟ್ಟ ಜೀವಕೋಶ, ಕಚ್ಚಾಟದಲ್ಲಿ ಒಂದರ ಬಾಯಿಂದ ಇನ್ನೊಂದರ ಗಾಯಕ್ಕೆ ಸೇರಿ ಅಲ್ಲಿ ಬೇರೂರುತ್ತಿತ್ತು. ಆ ಕೋಶ ತನ್ನ ಗುರುತನ್ನು ಮರೆಮಾಚುವುದರಿಂದ ಹೊಸ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸುವುದಿಲ್ಲ. ಸಂಗಾತಿಗಾಗಿ, ಆಹಾರಕ್ಕಾಗಿ ಮುಖಕ್ಕೆ ಮುಖವಿಟ್ಟು ಕಚ್ಚಾಡುವುದು ಡೆವಿಲ್‌ನ ಬದುಕಿನ ಕ್ರಮ. ಹಾಗಾಗಿ ರೋಗ ದ್ವೀಪದ ಉದ್ದಗಲಕ್ಕೆ ಹಬ್ಬಿತು, ಅದು ಹೊಕ್ಕ ಕಡೆಗಳಲ್ಲಿ ಸಂಖ್ಯೆ ಎಂಬತ್ತು ಪ್ರತಿಶತದವರೆಗೆ ಕುಸಿಯಿತು. 2008ರಲ್ಲಿ ಡೆವಿಲ್ ಅಳಿವಿನಂಚಿನ ಪ್ರಾಣಿಗಳ ಪಟ್ಟಿ ಸೇರಿತು. 2014ರಲ್ಲಿ ಇಂಥದ್ದೇ ಇನ್ನೊಂದು ಕ್ಯಾನ್ಸರ್ ಪತ್ತೆಯಾಯಿತು.

ಅಲ್ಲಿಯವರು ಕೈಕಟ್ಟಿ ಕೂರಲಿಲ್ಲ. ರೋಗ ತಾಗದ ಡೆವಿಲ್‌ಗಳನ್ನು ಆರಿಸಿ, ವಂಶವೈವಿಧ್ಯ ಕೆಡದಂತೆ ಜೋಡಿ ಕೂಡಿಸಿ, ಆಸ್ಟ್ರೇಲಿಯದ ಹಲವು ಮೃಗಾಲಯಗಳಲ್ಲಿ ಮೀಸಲು ಸಂತಾನವೊಂದನ್ನು ಬೆಳೆಸಿದರು. 2012ರಲ್ಲಿ ಕೆಲವನ್ನು ರೋಗವಿಲ್ಲದ ಮರಿಯಾ ದ್ವೀಪಕ್ಕೆ ಬಿಟ್ಟರು. ಅಲ್ಲಿ ಅವು ಚೆನ್ನಾಗಿ ಹೆಚ್ಚಿದವು. ಆದರೆ ಆ ದ್ವೀಪದಲ್ಲಿ ಗೂಡುಕಟ್ಟುತ್ತಿದ್ದ ಪುಟ್ಟ ಪೆಂಗ್ವಿನ್‌ಗಳು ಅಳಿದುಹೋದವು ಎಂದು 2021ರಲ್ಲಿ ವರದಿಯಾಯಿತು. ಒಂದು ಜೀವಿಯನ್ನು ಉಳಿಸಲು ಎತ್ತಿ ಬೇರೆಡೆ ಇಡುವುದಕ್ಕೂ ಬೆಲೆಯಿದೆ, ಅದನ್ನು ಇನ್ನೊಂದು ಜೀವಿ ತೆರಬೇಕಾಗಬಹುದು. ಟ್ಯಾಸ್ಮೇನಿಯದ ಹೊಬಾರ್ಟ್‌ನ ವಿಶ್ವವಿದ್ಯಾಲಯದಲ್ಲಿ ಲಸಿಕೆಗಾಗಿ ವರ್ಷಗಟ್ಟಲೆ ದುಡಿಯುತ್ತಿದ್ದಾರೆ. ಅವರ ಕೆಲಸ ಕಷ್ಟವಾಗಿರುವುದಕ್ಕೆ ಕಾರಣ, ಡೆವಿಲ್‌ಗೆ ಡೆವಿಲ್ಲೇ ರೋಗದ ಮೂಲ. ಮದ್ದನ್ನು ಕಾಡಿನಲ್ಲಿ ಚದುರಿ ಬದುಕುವ ಆ ಪ್ರಾಣಿಗೇ ಮುಟ್ಟಿಸಬೇಕು. ಬೇರೆ ದಾರಿ ಅವರಿಗಿಲ್ಲ.

ನಮಗಿದೆ. ಕೆನ್ನಾಯಿಯೂ ಅಳಿವಿನಂಚಿನ ಪಟ್ಟಿಯಲ್ಲಿದೆ. 2015ರ ಅಂದಾಜಿನಂತೆ ಇಡೀ ಏಷ್ಯಾದಲ್ಲಿ ಸಂತಾನ ಪಡೆಯುವ ವಯಸ್ಸಿನವು 949ರಿಂದ 2,215. ಡೆವಿಲ್‌ನಂತೆ ಇದರ ತಲೆಗೂ ಒಂದು ಕಾಲಕ್ಕೆ ಇನಾಮಿತ್ತು. ಬಂಡೀಪುರದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ 1970ರ ದಶಕದಲ್ಲಿ ನಡೆಸಿದ ಅಧ್ಯಯನ, ಆಮೇಲೆ ಕೃಪಾಕರ-ಸೇನಾನಿಯವರ ಚಿತ್ರಗಳು ಮತ್ತು ಬರಹ ಅದರ ಮೇಲಿದ್ದ ಕಟುಕನೆಂಬ ಅಪವಾದವನ್ನು ಅಳಿಸಿದವು. ಅದರ ಗುಂಪುಬಾಳು ಎಷ್ಟು ಸುಂದರವೋ ಸೋಂಕಿಗೆ ಅಷ್ಟೇ ಅನುಕೂಲ. ಸಾಮಾನ್ಯವಾಗಿ ಗುಂಪಿಗೆ ಒಂದೇ ಜೋಡಿ ಮರಿ ಹಾಕುತ್ತದೆ, ಉಳಿದವು ಬೇಟೆಯಾಡಿ ಬಂದು ನುಂಗಿದ ಮಾಂಸವನ್ನು ಕಕ್ಕಿ ಮರಿಗಳಿಗೆ ಉಣಿಸುತ್ತವೆ. ಅಂಥ ಮನೆಗೆ ಡಿಸ್ಟೆಂಪರ್ ಅಥವಾ ಪಾರ್ವೊ ವೈರಸ್ ಹೊಕ್ಕರೆ ಮುಂದೇನೆಂದು ಊಹಿಸುವುದು ಕಷ್ಟವಲ್ಲ. ಈ ವೈರಸ್‌ಗಳ ಕಣಜ ಊರನಾಯಿಗಳು. ಸೊಲ್ಲಾಪುರದ ಬಳಿಯ ನಾನಜ್‌ನಲ್ಲಿ ಬೇಲ್ಸರೆ, ವನಕ್ ಮತ್ತವರ ಸಂಗಡಿಗರು ನಡೆಸಿದ ಸಂಶೋಧನೆಯಲ್ಲಿ ಬಹುಪಾಲು ನಾಯಿಗಳ ರಕ್ತದಲ್ಲಿ ಈ ಸೋಂಕುಗಳ ಗುರುತಿತ್ತು, ಅಲ್ಲಿನ ನರಿಗಳಿಗೂ ಅವು ತಾಗಿದ್ದವು. ಮಂಗಳೂರಿನಿಂದ ಘಟ್ಟದತ್ತ ಹೊರಟರೆ ಬೆಳ್ತಂಗಡಿ ತಾಲ್ಲೂಕಿನ ಅಡಿಕೆ ತೋಟಗಳು ಕುದುರೆಮುಖದ ಕಾಡಿಗೇ ಒರಗಿಕೊಂಡಿವೆ. ತೋಟಕ್ಕೆ ಕಾವಲು ನಾಯಿ, ಹಗಲು ಮಂಗ ಓಡಿಸಲು, ರಾತ್ರಿ ಹಂದಿ ಓಡಿಸಲು. ಅದು ಬೇಲಿ ನೋಡಿ ನಿಲ್ಲುವುದಿಲ್ಲ. ನಮ್ಮ ಕಾಳಿ ಕಾಡಿನಂಚಿನಲ್ಲೂ ಇದೇ ಕಥೆ ಅಲ್ಲವೇ?

ಸಾಕುಪ್ರಾಣಿಗೆ ಕೊಟ್ಟ ಮದ್ದು ಕಾಡುಪ್ರಾಣಿಯನ್ನು ಕಾಯುತ್ತದೆ ಎನ್ನುವುದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. 1968ರ ಸುಮಾರಿಗೆ ಬಂಡೀಪುರ ಮತ್ತು ಮುದುಮಲೈಯ ಕಾಟಿ ಹಿಂಡುಗಳು ದೊಡ್ಡರೋಗಕ್ಕೆ ಸಿಕ್ಕು ನೆಲಕಚ್ಚಿದವು. ದನಕರುಗಳಿಂದ ಬಂದ ವೈರಸ್ ಅದು, ಡಿಸ್ಟೆಂಪರ್ ವೈರಸ್ಸಿನ ಹತ್ತಿರದ ದಾಯಾದಿ. ಆ ರೋಗವನ್ನು ಅಳಿಸಲು ಕಾಟಿಗಳನ್ನು ಹಿಡಿದು ಸೂಜಿ ಚುಚ್ಚಿಸಬೇಕಾಗಲಿಲ್ಲ. ಹಳ್ಳಿ ಹಳ್ಳಿಯ ಕೊಟ್ಟಿಗೆಗೆ ಪಶುವೈದ್ಯರು ಹೋದರು, ದಶಕಗಳ ಕಾಲ ದನಗಳಿಗೆ ಲಸಿಕೆ ಹಾಕಿದರು, 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ತೊಲಗಿತೆಂದು ಘೋಷಣೆಯಾಯಿತು. ಇಂದು ಘಟ್ಟದ ರಸ್ತೆಗಳಲ್ಲಿ ಕಾಟಿ ಅಡ್ಡ ಬರುತ್ತಿದ್ದರೆ ಅದರ ಹಿಂದೆ ಆ ಕೊಟ್ಟಿಗೆಯ ಕೆಲಸದ ಪಾಲೂ ಇದೆ. ವನ್ಯಜೀವಿ ಸಂರಕ್ಷಣೆಯ ಇಷ್ಟು ದೊಡ್ಡ ಗೆಲುವನ್ನು ನಾವು ಆ ಲೆಕ್ಕಕ್ಕೆ ಸೇರಿಸುವುದೇ ಇಲ್ಲ, ಅರಣ್ಯ ಇಲಾಖೆಯ ಬದಲು ಪಶುಪಾಲನಾ ಇಲಾಖೆ ಗೆದ್ದದ್ದೆಂಬ ಕಾರಣಕ್ಕಿರಬಹುದು.

ಇದಕ್ಕೆ ಎದುರುಮಾತುಗಳಿವೆ, ಅವು ಹಗುರವಾದವಲ್ಲ. ನಮ್ಮ ಘಟ್ಟಗಳಲ್ಲಿ ಕೆನ್ನಾಯಿಗಳು ರೋಗದಿಂದ ರಾಶಿ ರಾಶಿಯಾಗಿ ಸತ್ತದ್ದನ್ನು ಯಾರು ಕಂಡರು ಎನ್ನಬಹುದು. ಆದರೆ ದಟ್ಟ ಕಾಡಿನಲ್ಲಿ ಸತ್ತ ಕೆನ್ನಾಯಿ ಯಾರ ಕಣ್ಣಿಗೆ ಬೀಳುತ್ತದೆ? ಗಿರ್‌ನಲ್ಲಿ ಪ್ರತಿ ಸಿಂಹದ ಮೇಲೂ ಕಣ್ಣಿರುವುದರಿಂದ 2018ರಲ್ಲಿ 23 ಸಿಂಹಗಳು ಸತ್ತದ್ದು ತಿಳಿಯಿತು, ಪರೀಕ್ಷೆಯಲ್ಲಿ ಡಿಸ್ಟೆಂಪರ್ ಸಿಕ್ಕಿತು. ಕೆನ್ನಾಯಿಗೆ ಅಂಥ ಕಾವಲಿಲ್ಲ. ಕರ್ನಾಟಕದ ಘಟ್ಟಪ್ರದೇಶದಲ್ಲಿ 2007ರಿಂದ 2015ರ ನಡುವೆ ಕೆನ್ನಾಯಿಯ ನೆಲೆ ಸುಮಾರು 62ರಿಂದ 54 ಪ್ರತಿಶತಕ್ಕೆ ಇಳಿದಿದೆಯೆಂದು ಅರ್ಜುನ್ ಶ್ರೀವತ್ಸ ಮತ್ತವರ ಸಂಗಡಿಗರ ಅಧ್ಯಯನ ಹೇಳುತ್ತದೆ. ಅದರಲ್ಲಿ ರೋಗದ ಪಾಲೆಷ್ಟೆಂದು ನಾನು ಹೇಳಲಾರೆ. ಕಾಡು ಮತ್ತು ಬೇಟೆಯ ಪ್ರಾಣಿಗಳೇ ಮೊದಲು ಎನ್ನುವವರೊಂದಿಗೆ ನನಗೆ ಜಗಳವೂ ಇಲ್ಲ. ಆದರೆ ಕಾಡು ತುಂಡಾಗಿ ಗುಂಪುಗಳು ವಿರಳವಾದಷ್ಟೂ ಒಂದೇ ಸೋಂಕು ಮಾಡುವ ಹಾನಿ ಹೆಚ್ಚುತ್ತದೆ. ನೆಲೆ ಕುಗ್ಗಿದೆ ಎಂಬುದೇ ರೋಗದ ಬಗ್ಗೆ ಎಚ್ಚರಾಗಲು ಕಾರಣ.

ಪ್ರಕೃತಿಯೇ ದಾರಿ ಕಂಡುಕೊಳ್ಳಲಿ ಎನ್ನುವವರು ಡೆವಿಲ್‌ನ ಉದಾಹರಣೆಯನ್ನೇ ಕೊಡುತ್ತಾರೆ. ಕೆಲವೇ ತಲೆಮಾರುಗಳಲ್ಲಿ ಅವುಗಳ ವಂಶವಾಹಿಗಳಲ್ಲಿ ರೋಗಕ್ಕೆ ಪ್ರತಿಕ್ರಿಯೆಯಾದ ಬದಲಾವಣೆಗಳು ಕಂಡಿವೆಯೆಂದು 2016ರಲ್ಲಿ ಪ್ರಕಟವಾಗಿದೆ. ನಿಜ. ಆ ಬದಲಾವಣೆಗೆ ತೆತ್ತ ಬೆಲೆ ಸಾವಿರ ಸಾವಿರ ಸಾವು. ಅಷ್ಟು ಸಾಯಲು ನಮ್ಮಲ್ಲಿ ಅಷ್ಟು ಕೆನ್ನಾಯಿಗಳಿಲ್ಲ. ಇನ್ನು ಕೆನ್ನಾಯಿಗಳಿಗೇ ನೇರ ಲಸಿಕೆ ಹಾಕಬಾರದೇಕೆ ಎಂಬ ಪ್ರಶ್ನೆ. ನಾಯಿಗೆ ಸುರಕ್ಷಿತವಾದ ಜೀವಂತ ಲಸಿಕೆಯಿಂದಲೇ ಅಮೆರಿಕದ ಕಪ್ಪುಕಾಲಿನ ಫೆರೆಟ್‌ಗಳು ಡಿಸ್ಟೆಂಪರ್ ಬಂದು ಸತ್ತ ಉದಾಹರಣೆ 1970ರ ದಶಕದಲ್ಲೇ ಇದೆ. ಅದು ಕೊನೆಯ ಅಸ್ತ್ರವಾಗಿರಲಿ. ಇಥಿಯೋಪಿಯದಲ್ಲಿ ನಾಯಿಗಳಿಗೆ ಲಸಿಕೆ ಹಾಕಿಯೂ ತೋಳಗಳಿಗೆ ರೇಬೀಸ್ ತಗುಲಿತು, ಕಡೆಗೆ ತೋಳಗಳಿಗೂ ಲಸಿಕೆ ಹಾಕಬೇಕಾಯಿತು ಎಂಬುದನ್ನೂ ಮುಚ್ಚಿಡಬಾರದು. ಅಲ್ಲಿಗೆ ಹೊರಗಿನಿಂದ ಹೊಸ ನಾಯಿಗಳು ಬರುತ್ತಲೇ ಇದ್ದವು. ಲಸಿಕೆ ಒಂದು ವರ್ಷ ಹಾಕಿ ಮುಗಿಸುವ ಶಿಬಿರವಾಗದೆ ಪ್ರತಿವರ್ಷದ ಕೆಲಸವಾಗಬೇಕು.

ಆಗುವ ಮಾತೇ ಇದು? ಪಕ್ಕದ ಗೋವಾ ಮಾಡಿ ತೋರಿಸಿದೆ. ವರ್ಷ ವರ್ಷ ನಾಯಿಗಳನ್ನು ಹುಡುಕಿ, ಎಪ್ಪತ್ತು ಪ್ರತಿಶತದ ಗುರಿಯಿಟ್ಟು ರೇಬೀಸ್ ಲಸಿಕೆ ಹಾಕಿ, 2021ರಲ್ಲಿ ಅದು ರೇಬೀಸ್ ನಿಯಂತ್ರಿತ ರಾಜ್ಯವೆನಿಸಿತು. ಅದೇ ಜನ, ಅದೇ ಬಲೆ, ಅದೇ ದಿನ, ಜೊತೆಗೆ ಡಿಸ್ಟೆಂಪರ್ ಮತ್ತು ಪಾರ್ವೊ ಸೇರಿದ ಸಂಯುಕ್ತ ಲಸಿಕೆಯನ್ನೂ ನಾವು ಹಾಕಿದರಾಯಿತು. ಮೇಲಿನ ಖರ್ಚು ಮುಖ್ಯವಾಗಿ ಔಷಧದ್ದು. ಇಡೀ ರಾಜ್ಯಕ್ಕೆ ಬೇಡ, ಕಾಡಿಗೆ ತಾಗಿದ ಪಂಚಾಯ್ತಿಗಳಿಗಾದರೂ ಸಾಕು. ರೈತ ತನ್ನ ನಾಯಿಯನ್ನು ಬಿಟ್ಟುಕೊಡಬೇಕಿಲ್ಲ, ಅದರ ಮರಿಗಳೂ ಬದುಕುತ್ತವೆ.

ನೀನು ಪಂಚಾಯ್ತಿಯಲ್ಲಿ ಮಾತಾಡಬಲ್ಲವನು. ಈ ಸಲ ರೇಬೀಸ್ ಲಸಿಕೆಯ ಶಿಬಿರ ನಡೆಯುವ ಮೊದಲು ಪಶುವೈದ್ಯರನ್ನು ಕಂಡು ಸಂಯುಕ್ತ ಲಸಿಕೆಯನ್ನೂ ತರಿಸಲು ಕೇಳು, ಅರಣ್ಯದವರಿಂದಲೂ ಒಂದು ಪಾಲು ಹಣ ಕೊಡಿಸು. ನಮ್ಮ ಮನೆಯ ನಾಯಿಗಳಿಂದಲೇ ಶುರುಮಾಡು.

ನಿನ್ನ ತಮ್ಮ