ಹದಿನೈದನೆಯ ಕಲ್ಲು

ಕ್ಯೋಟೋದ ರ್‍ಯೋಆನ್‌ಜಿ ದೇವಾಲಯದ ಜಗುಲಿಯಲ್ಲಿ ಕೂತರೆ ಎದುರಿಗಿರುವುದು ಬರೀ ಒಂದು ಅಂಗಳ. ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲ. ಗೆರೆ ಎಳೆದ ಬಿಳಿ ಜಲ್ಲಿ, ಅದರಲ್ಲಿ ಐದು ಗುಂಪಾಗಿ 15 ಕಲ್ಲು. ಬುಡಕ್ಕೆ ಅಂಟಿದ ಪಾಚಿ ಬಿಟ್ಟರೆ ಹಸಿರಿಲ್ಲ, ನೀರಂತೂ ಇಲ್ಲವೇ ಇಲ್ಲ. ಇದನ್ನು ತೋಟವೆಂದು ಕರೆದವರ ಧೈರ್ಯ ದೊಡ್ಡದು.

ಬಂದವರೆಲ್ಲ ಕಲ್ಲು ಎಣಿಸುತ್ತಾರೆ. ಜಗುಲಿಯ ಮೇಲೆ ಎಲ್ಲಿ ಕೂತರೂ ಲೆಕ್ಕ ಹದಿನಾಲ್ಕಕ್ಕೇ ನಿಲ್ಲುತ್ತದೆ. ಒಂಚೂರು ಸರಿದರೆ ಅಡಗಿದ್ದು ಕಾಣುತ್ತದೆ, ಕಂಡದ್ದು ಅಡಗುತ್ತದೆ. ಸಮುದ್ರದ ನಡುಗಡ್ಡೆಗಳು ಎನ್ನುವವರುಂಟು, ಹೊಳೆ ದಾಟುವ ಹುಲಿಮರಿಗಳು ಎನ್ನುವವರುಂಟು. ಕಟ್ಟಿದವರು ಏನನ್ನೂ ಬರೆದಿಟ್ಟಿಲ್ಲ. ಈ ವ್ಯಾಖ್ಯಾನಗಳಿಗಿಂತ ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ: ಒಂದು ಕಲ್ಲಿನ ಬೆನ್ನಿನಲ್ಲಿ ಎರಡು ಹೆಸರು ಕೆತ್ತಲಾಗಿದೆ. ತೋಟಕ್ಕೆ ದುಡಿದ ಆಳುಗಳದ್ದಿರಬೇಕೆಂದು ಊಹೆ. ಆಗ ಕಲ್ಲುಮಣ್ಣಿನ ಕೆಲಸ ಮಾಡುತ್ತಿದ್ದವರು ಊರು ದೂರವಿಟ್ಟಿದ್ದ ಹೊಳೆದಂಡೆಯ ಜನ. ಸಹಿ ಹಾಕಿದ್ದೂ ಜಗುಲಿಗೆ ಕಾಣದ ಬದಿಯಲ್ಲಿ!

ಹಿಂದಿನ ಮಣ್ಣಿನ ಗೋಡೆಯನ್ನೂ ನೋಡಬೇಕು. ಎಣ್ಣೆ ಹಾಕಿ ಹದಮಾಡಿದ ಮಣ್ಣು. ಆ ಎಣ್ಣೆ ಜಿನುಗಿ ಗೋಡೆಯ ಮೇಲೆ ತುಕ್ಕಿನ ಬಣ್ಣದ ಚಿತ್ತಾರ ಮೂಡಿದೆ. ಅದನ್ನು ಯಾರೂ ಬರೆದದ್ದಲ್ಲ. ಪಾಚಿಗೇ ಹೆಸರಾದ ಸೈಹೋಜಿ ದೇವಾಲಯದ ತೋಟದ ಕಥೆಯೂ ಹೀಗೇ. 14ನೇ ಶತಮಾನದಲ್ಲಿ ಝೆನ್ ಸನ್ಯಾಸಿ ಮುಸೋ ಸೋಸೆಕಿ ಅದನ್ನು ರೂಪಿಸಿದಾಗ ಈ ಹಸಿರು ಹಾಸು ಇರಲಿಲ್ಲ. ಮುಂದೆ ಆರೈಕೆ ತಪ್ಪಿದ ಕಾಲದಲ್ಲಿ ಪಾಚಿ ತಾನಾಗಿ ಹಬ್ಬಿತು. ಈಗ ಸುಮಾರು 120 ಬಗೆ ಇವೆಯಂತೆ.

ಊರಿನ ಉತ್ತರಕ್ಕಿರುವ ಎಂತ್ಸುಜಿ ದೇವಾಲಯ ಇನ್ನೂ ಜಾಣ. ಅದರ ತೋಟದ ಮುಖ್ಯ ವಸ್ತು ತೋಟದೊಳಗೇ ಇಲ್ಲ. ತಗ್ಗಾಗಿ ಕತ್ತರಿಸಿದ ಬೇಲಿ, ಅದರಾಚೆ ನೆಟ್ಟಗೆ ನಿಂತ ಮರದ ಕಾಂಡಗಳು, ಅವುಗಳ ಸಂದಿನಲ್ಲಿ ದೂರದ ಹಿಯೇಯಿ ಬೆಟ್ಟ, 848 ಮೀಟರ್ ಎತ್ತರದ್ದು. ನಡುವಿನ ಮನೆ, ರಸ್ತೆಗಳನ್ನೆಲ್ಲ ಬೇಲಿ ನುಂಗಿಬಿಟ್ಟಿದೆ. ಇಂಥ ಎರವಲು ನೋಟಕ್ಕೆ ಜಪಾನಿನಲ್ಲಿ ಶಕ್ಕೇಯಿ ಎನ್ನುತ್ತಾರೆ. ರ್‍ಯೋಆನ್‌ಜಿಯ ಕಲ್ಲಿಗಿರುವ ಹೆಸರು ಎಂತ್ಸುಜಿಯ ತೋಟಕ್ಕಿಲ್ಲ. ನನ್ನನ್ನು ಕೇಳಿದರೆ ಕ್ಯೋಟೋದ ಅತಿ ದೊಡ್ಡ ತೋಟ ಇದೇ.

ಎರವಲು ತಂದದ್ದಕ್ಕೆ ಭಯವೂ ಇದ್ದೇ ಇದೆ. ನಡುವೆ ಒಂದು ಎತ್ತರದ ಕಟ್ಟಡ ಎದ್ದರೆ ಬೆಟ್ಟ ಹೋಯಿತು, ತೋಟವೂ ಹೋಯಿತು. 2007ರಲ್ಲಿ ಕ್ಯೋಟೋ ನಗರಾಡಳಿತ ತಂದ ಭೂದೃಶ್ಯ ನೀತಿಯಲ್ಲಿ ಕಾಪಾಡಬೇಕಾದ ನೋಟಗಳ ಪಟ್ಟಿಗೆ ಎಂತ್ಸುಜಿಯೂ ಸೇರಿತು. ಈಗ ಆ ಬೆಟ್ಟಕ್ಕೆ ಅಡ್ಡಬರುವಂಥ ಕಟ್ಟಡಕ್ಕೆ ಅಲ್ಲಿ ಅನುಮತಿ ಸಿಗುವುದಿಲ್ಲ.