ಲೆಕ್ಕಕ್ಕೆ ಬಾರದ ಹೊತ್ತು

ಲೆಕ್ಕಪರಿಶೋಧಕರ ಕಚೇರಿಯಲ್ಲಿ ಮಾರಾಟಕ್ಕಿರುವ ಸರಕು ಒಂದೇ, ಅದು ಸಿಬ್ಬಂದಿಯ ಹೊತ್ತು. ಆದುದರಿಂದ ಸುವ್ಯವಸ್ಥಿತವಾದ ಕಚೇರಿಗಳಲ್ಲಿ ಯಾವ ಗ್ರಾಹಕನ ಕೆಲಸಕ್ಕೆ ಎಷ್ಟು ತಾಸು ಸಂದಿತೆಂದು ಪ್ರತಿಯೊಬ್ಬರೂ ದಿನದ ಕೊನೆಗೆ ಬರೆದಿಡುತ್ತಾರೆ. ತೊಡಕಿರುವುದು ಯಾವ ಗ್ರಾಹಕನ ಹೆಸರಿಗೂ ಸೇರದ ಹೊತ್ತಿನಲ್ಲಿ. ತೆರಿಗೆಯ ಹೊಸ ಸುತ್ತೋಲೆಯನ್ನು ಓದಿದ್ದು, ಕಿರಿಯನಿಗೆ ಕೆಲಸ ಕಲಿಸಿದ್ದು, ಹಳೆಯ ಕಡತವನ್ನು ಹುಡುಕಿದ್ದು ಎಲ್ಲವೂ ದುಡಿಮೆಯೇ. ಇವಕ್ಕೆ ಕಾಲಮ್ಮು ಇಲ್ಲದಿದ್ದರೆ ನೌಕರನು ಆ ತಾಸನ್ನು ಯಾರೋ ಗ್ರಾಹಕನ ತಲೆಗೆ ಕಟ್ಟುತ್ತಾನೆ. ಇಲ್ಲವೇ ಬರೆಯದೆ ಬಿಟ್ಟು ಸೋಮಾರಿ ಎನಿಸಿಕೊಳ್ಳುತ್ತಾನೆ. ಮೊದಲನೆಯದು ಗ್ರಾಹಕನಿಗೆ ಅನ್ಯಾಯ, ಎರಡನೆಯದು ನೌಕರನಿಗೆ. ತಿಳಿದವರು ಓದು, ತರಬೇತಿ, ಆಡಳಿತ, ರಜೆ ಎಂದು ಬೇರೆ ಬೇರೆ ಹೆಸರುಗಳನ್ನಿಟ್ಟು, ‘ಇತರೆ’ ಎಂಬ ಗುಡಾಣವು ಉಬ್ಬದಂತೆ ಕಾಯುತ್ತಾರೆ.

ಜೀರಹಳ್ಳಿಯ ವಾಚಕರಿಗೆ ಇದು ಪಟ್ಟಣದ ಮಾತೆನಿಸೀತು. ಆದರೆ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ರಾಗಿ ಜೋಳ ಬೆಳೆಯುವವನಿಗೆ ಬರೆಯದ ಹೊತ್ತಿನ ಪರಿಚಯ ಯಾವ ಆಡಿಟರಿಗಿಂತಲೂ ಹೆಚ್ಚು. ಬೀಜಕ್ಕೆ, ಗೊಬ್ಬರಕ್ಕೆ ಚೀಟಿಯಿದೆ. ಆನೆಗೆ ಅಂಜಿ ಕಾವಲಿನಲ್ಲಿ ನಿದ್ದೆಗೆಟ್ಟ ರಾತ್ರಿಗೆ ಚೀಟಿಯಿಲ್ಲ. ಬೆಂಬಲ ಬೆಲೆಯನ್ನು ಶಿಫಾರಸು ಮಾಡುವ ಕೇಂದ್ರದ ಆಯೋಗವು ಮನೆಮಂದಿಯ ದುಡಿಮೆಗೂ ಬೆಲೆ ಕಟ್ಟಿ ವೆಚ್ಚಕ್ಕೆ ಸೇರಿಸುತ್ತದೆಂಬುದು ಸಮಾಧಾನದ ಸಂಗತಿ. ಕೂಲಿ ಕೊಡದ ಮಾತ್ರಕ್ಕೆ ಶ್ರಮ ಪುಕ್ಕಟೆಯಾಗುವುದಿಲ್ಲವೆಂದು ಸರ್ಕಾರವೇ ಒಪ್ಪಿದಂತಾಯಿತು.

ತಾಳವಾಡಿ ಬೆಟ್ಟದ ಕನ್ನಡ ಶಾಲೆಗಳಿಗೆ ಈ ಲೆಕ್ಕ ಇನ್ನೂ ಮುಟ್ಟಿಲ್ಲ. ‘ಮೇಷ್ಟ್ರು ತರಗತಿಯಲ್ಲಿರಲಿಲ್ಲ’ ಎಂಬ ದೂರು ಹಳ್ಳಿಗಳಲ್ಲಿ ಸಾಮಾನ್ಯ. ಎಲ್ಲಿದ್ದರು, ಏಕೆ ಹೋದರು ಎಂಬುದಕ್ಕೆ ದಾಖಲೆಯಿಲ್ಲದಿರುವಾಗ ದೂರುವವನೂ ಸಮರ್ಥಿಸುವವನೂ ಕತ್ತಲಲ್ಲೇ ವಾದಿಸಬೇಕಾಗುತ್ತದೆ.

2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ಒಮ್ಮೆ ನೋಡಬೇಕು. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆಗಳ ಬೋಧನೆ. ಶಿಕ್ಷಕರಿಗೆ ವಾರಕ್ಕೆ, ಪೂರ್ವಸಿದ್ಧತೆಯೂ ಸೇರಿ, 45 ಗಂಟೆಗಳ ಕೆಲಸ. ಐದು ದಿನದ ವಾರವೆಂದರೆ 200 ದಿನಕ್ಕೆ 40 ವಾರ, ಒಟ್ಟು 1,800 ಗಂಟೆ. ಲೆಕ್ಕ ಸ್ಥೂಲವಾದದ್ದು, ಆದರೂ ಬೋಧನೆಯ ಕನಿಷ್ಠವನ್ನು ಕಳೆದರೆ 1,000 ಗಂಟೆ ಉಳಿಯುತ್ತದೆ. ಆ ಸಾವಿರ ಗಂಟೆ ಎಲ್ಲಿ ಸಲ್ಲುತ್ತದೆ? ತಮಿಳಿನಲ್ಲಿ ಬಂದ ಆದೇಶವನ್ನು ಪೋಷಕರಿಗೆ ಕನ್ನಡದಲ್ಲಿ ತಿಳಿಸುವುದರಲ್ಲಿ, ಎರಡು ಭಾಷೆಯ ನಡುವೆ ತೊಡರುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದರಲ್ಲಿ, ಅರ್ಜಿ, ಅಂಕಿಅಂಶ, ಸಭೆಗಳಲ್ಲಿ. ಇವುಗಳಲ್ಲಿ ಮೊದಲೆರಡು ಪಾಠದಷ್ಟೇ ಬೆಲೆಯುಳ್ಳವು. ಎಲ್ಲವನ್ನೂ ಒಂದೇ ಗುಡಾಣಕ್ಕೆ ಸುರಿದರೆ ಆ ಬೆಲೆ ಕಾಣುವುದೇ ಇಲ್ಲ.

ಕಾನೂನು ಒಂದು ಗೆರೆಯನ್ನು ಸ್ಪಷ್ಟವಾಗಿಯೇ ಎಳೆದಿದೆ. ಕಾಯಿದೆಯ 27ನೆಯ ಕಲಮಿನಂತೆ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವನ್ನುಳಿದು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸುವಂತಿಲ್ಲ. ಚುನಾವಣೆಯ ಕೆಲಸವನ್ನೂ ರಜಾದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಮಾಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2007ರ ಡಿಸೆಂಬರಿನಲ್ಲಿ, ಸೇಂಟ್ ಮೇರೀಸ್ ಶಾಲೆಯ ಮೊಕದ್ದಮೆಯಲ್ಲಿ ಹೇಳಿತ್ತು. ಗೆರೆ ದಾಟಿತೆಂದು ತೋರಿಸಲು ಮಾತ್ರ ತಾರೀಖು, ತಾಸು, ಕಾರಣ ಬೇಕು. ನ್ಯಾಯಾಲಯದಲ್ಲಿ ನೆನಪಿಗಿಂತ ಬರಹಕ್ಕೆ ತೂಕ ಜಾಸ್ತಿ.

ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಇಂಥ ಪುಸ್ತಕವೊಂದನ್ನು ಇಡೋಣವೆಂದು ಅವರು ಕೇಳಬಹುದು: ಪಾಠ, ಸಿದ್ಧತೆ, ಮಕ್ಕಳೊಡನೆ ಮತ್ತು ಪೋಷಕರೊಡನೆ, ಶಾಲೆಯ ಕಾಗದಪತ್ರ, ಹೊರಗಿನ ಕರೆ. ಐದೇ ಕಾಲಮ್ಮು. ಶಿಕ್ಷಕರನ್ನು ಹಿಡಿಯುವ ಬೋನಾಗಿ ಅದನ್ನು ಇಟ್ಟರೆ ಮೊದಲ ವಾರದಿಂದಲೇ ಸುಳ್ಳು ತುಂಬುತ್ತದೆ. ಪಟ್ಟಣದ ಕಚೇರಿಗಳ ಅನುಭವವೂ ಇದೇ. ತಿಂಗಳ ಸಭೆಯಲ್ಲಿ ಐದನೆಯ ಕಾಲಮ್ಮನ್ನು ಮಾತ್ರ ಗಟ್ಟಿಯಾಗಿ ಓದಿ, ಕರೆದವರು ಯಾರೆಂದು ಬರೆದು, ಮೇಲಿನ ಕಚೇರಿಗೆ ಪ್ರತಿ ಕಳುಹಿಸಬೇಕು. ಪುಸ್ತಕ ತುಂಬಲು ದಿನಕ್ಕೆ ಐದು ನಿಮಿಷ ಹಿಡಿಯುತ್ತದೆ. ಆ ಐದು ನಿಮಿಷವನ್ನು ನಾಲ್ಕನೆಯ ಕಾಲಮ್ಮಿನಲ್ಲಿ ಬರೆಯತಕ್ಕದ್ದು.