ಹುಣಸೆ ಮರದ ಕೆಳಗೆ ಒಬ್ಬ ಸಾರಥಿಯ ವಿಚಾರಣೆ

ಶಿವರಾತ್ರಿಯ ಹೊತ್ತಿಗೆ ನಂದಿ ಗ್ರಾಮಕ್ಕೆ ಹೋದರೆ ಬೆಟ್ಟ ಹತ್ತಲು ಮನಸ್ಸಾಗುವುದಿಲ್ಲ. ಬೆಂಗಳೂರಿನ ಕಾರುಗಳು ಸಾಲಾಗಿ ಮೇಲೆ ಹೋಗುತ್ತಿರುತ್ತವೆ. ಕೆಳಗೆ, ಭೋಗನಂದೀಶ್ವರನ ಗುಡಿಯ ಆಸುಪಾಸಿನಲ್ಲಿ, ದನಗಳ ಜಾತ್ರೆ. ನಾನೂ ಮಗನೂ ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿದು ಆಟೊ ಹಿಡಿದು ಬಂದದ್ದು ಗುಡಿಯ ಕಲ್ಯಾಣಿ ನೋಡಲೆಂದು. ಅದಕ್ಕೆ ಹಿಡಿದದ್ದು ಹತ್ತೇ ನಿಮಿಷ. ಉಳಿದ ಮಧ್ಯಾಹ್ನವೆಲ್ಲ ಒಂದು ಹುಣಸೆ ಮರದ ಕೆಳಗೆ ಕಳೆದುಹೋಯಿತು.

ಅಲ್ಲೊಂದು ಜೋಡಿ ಹಳ್ಳಿಕಾರ್ ಎತ್ತು ಕಟ್ಟಿದ್ದರು. ಬೂದು ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ಚೂಪಾದ ಕೊಂಬು. ಅಂಚೆ ಇಲಾಖೆ 2000ದಲ್ಲಿ ಹೊರತಂದ ಸ್ಟಾಂಪಿನಲ್ಲಿರುವುದು ಇದೇ ತಳಿ. ಪಕ್ಕದಲ್ಲೇ ಇಬ್ಬರು ಟವೆಲ್ಲಿನೊಳಗೆ ಕೈ ಹಿಡಿದು, ಬೆರಳು ಒತ್ತಿ ವ್ಯಾಪಾರ ಕುದುರಿಸುತ್ತಿದ್ದರು. ಬೆಲೆ ಅವರಿಬ್ಬರಿಗೆ ಮಾತ್ರ ಗೊತ್ತು. ಮಗ ಟವೆಲ್ಲಿನೊಳಗೆ ಇಣುಕಲು ಹೋಗಿ ಬೈಸಿಕೊಂಡ.

ಈ ಜೋಡಿ ಮಾತ್ರ ಮಾರಾಟಕ್ಕಲ್ಲ, ಓಟಕ್ಕೆ. ಯಜಮಾನರು ಶಿಡ್ಲಘಟ್ಟದ ಕಡೆಯವರು, ರೇಷ್ಮೆ ಬೆಳೆಗಾರರು. ಗೂಡು ಮಾರಿದ ದುಡ್ಡಿನಲ್ಲಿ ಕೊಂಡ ಎತ್ತುಗಳಂತೆ. ಸುತ್ತ ಕೂತಿದ್ದ ಏಳೆಂಟು ಮಂದಿಯ ಚರ್ಚೆ ಎತ್ತುಗಳ ಬಗ್ಗೆಯಲ್ಲ, ಗಾಡಿ ಹೊಡೆಯುವ ಹುಡುಗನ ಬಗ್ಗೆ. ಬರುವ ಭಾನುವಾರ ಅವನ ಕೈಗೆ ಹಗ್ಗ ಕೊಡುವುದೋ ಬೇಡವೋ?

ಹುಡುಗ ಚಿಂತಾಮಣಿ ಕಡೆಯವನು, ಹತ್ತೊಂಬತ್ತು ವರ್ಷ. “ಅವನ ಹಾಗೆ ಹೊಡೆಯೋನು ಈ ಸೀಮೇಲೇ ಇಲ್ಲ” ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಎಡದೆತ್ತು ಸೋಲುವ ಮುಂಚೆಯೇ ಅವನಿಗೆ ತಿಳಿಯುತ್ತದೆ, ಹಗ್ಗದ ಒಂದು ಮಿಡಿತದಲ್ಲಿ ಜೋಡಿಯನ್ನು ಸಮಕ್ಕೆ ತರುತ್ತಾನೆ. ಆದರೆ ಮುಂದಿನ ಗಾಡಿ ಕೈಗೆಟುಕದಿದ್ದರೆ ತಲೆ ಕೆಡುತ್ತದೆ. ಹೋದ ಸಲ ಹಾಗೇ ಆಗಿ, ಚಾವಟಿ ಬೀಸಿ, ಪಕ್ಕದ ಗಾಡಿಗೆ ಅಡ್ಡ ನುಗ್ಗಿಸಿ, ಕೊನೆಗೆ ಅದರ ಸಾರಥಿಯ ಜೊತೆ ಕೈಕೈ ಮಿಲಾಯಿಸಿದ್ದಾನೆ.

“ಕೈ ಚಿನ್ನ, ತಲೆ ಬೆಂಕಿ” ಎಂದರು ಗೌರಿಬಿದನೂರಿನಿಂದ ಬಂದಿದ್ದ ಒಬ್ಬ ಹಿರಿಯರು. ಇನ್ನೊಬ್ಬರು ತೆಲುಗಿನಲ್ಲಿ ಏನೋ ಅಂದರು, ಎಲ್ಲರೂ ನಕ್ಕರು. ಈ ಸೀಮೆಯಲ್ಲಿ ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದುಂಟು.

ಯಜಮಾನರ ಭಯ ಬೇರೆ. 2017ರ ರಾಜ್ಯದ ತಿದ್ದುಪಡಿ ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಪ್ರಾಣಿಗೆ ವೃಥಾ ನೋವು ಕೊಡಬಾರದೆಂಬ ಷರತ್ತಿದೆ. “ಇವನೊಬ್ಬನ ಚಾವಟಿಯಿಂದ ಊರ ಓಟವೇ ನಿಂತುಹೋದ್ರೆ?” ಎಂದರು. ನನಗೆ ಅವರ ಮಾತೇ ಸರಿಯೆನಿಸಿತು. ಎತ್ತಿನ ಬೆನ್ನ ಮೇಲಿನ ಬಾಸುಂಡೆಯನ್ನು ನಾನೂ ನೋಡಿದ್ದೆ.

“ಬಿಟ್ಟುಬಿಡಿ, ಬೆಂಗಳೂರಿಗೆ ಹೋಗಿ ಡೆಲಿವರಿ ಗಾಡಿ ಓಡಿಸ್ತಾನೆ” ಎಂದನೊಬ್ಬ ಯುವಕ. ಹಿರಿಯರು ಸಿಡುಕಿದರು: “ಅಲ್ಲಿ ಟ್ರಾಫಿಕ್ಕಿದೆ ಕಣಪ್ಪ. ಅಲ್ಲಿ ಯಾರಿಗೆ ಹೊಡೀತಾನೆ?”

ಆಗ ನನ್ನ ಮಗ ಬಾಯಿಬಿಟ್ಟ. ಟಿ.ವಿ.ಯಲ್ಲಿ ಕಾರ್ ರೇಸ್ ನೋಡುವ ಹುಚ್ಚು ಅವನಿಗೆ. ಅಮೆರಿಕದ ನಾಸ್ಕಾರ್ ಓಟಗಾರ ಕೈಲ್ ಬುಶ್ 2011ರಲ್ಲಿ ಟೆಕ್ಸಾಸ್‌ನಲ್ಲಿ ಸಿಟ್ಟಿನಿಂದ ಎದುರಾಳಿಯ ಟ್ರಕ್ಕನ್ನು ಗೋಡೆಗೆ ಗುದ್ದಿಸಿದ್ದು, ಆ ವಾರಾಂತ್ಯದ ಉಳಿದ ಓಟಗಳಿಂದ ಅವನನ್ನು ಹೊರಗಿಟ್ಟದ್ದು, ಅದೇ ಮನುಷ್ಯ 2015ರಲ್ಲೂ 2019ರಲ್ಲೂ ಚಾಂಪಿಯನ್ ಆದದ್ದು — ಎಲ್ಲ ಒದರಿದ.

“ಮಧ್ಯೆ ನಾಲ್ಕು ವರ್ಷ ಏನ್ ಮಾಡ್ದ?” ಹಿರಿಯರು ಕೇಳಿದರು.

“ಓಡಿಸ್ತಾನೇ ಇದ್ದ.”

“ಟ್ರಕ್ಕಿಗೆ ನೋವಾಗಲ್ಲ ಮಗ” ಎಂದರು ಯಜಮಾನರು. ಯಾರೂ ಮಾತಾಡಲಿಲ್ಲ.

ಅಷ್ಟರಲ್ಲಿ ಹುಡುಗನೇ ಬಂದ. ಎರಡು ಕೈಯಲ್ಲಿ ನೀರಿನ ಬಕೆಟ್ಟು. ಸಣಕಲು ಮೈ. ಇಷ್ಟು ಹೊತ್ತು ಬೆಂಕಿ ಎನಿಸಿಕೊಂಡವನು ಇವನೇನಾ ಅನ್ನಿಸಿತು. ಬಾಸುಂಡೆ ಬಿದ್ದಿದ್ದ ಎತ್ತು ಅವನ ಸದ್ದಿಗೆ ಒಂದು ಹೆಜ್ಜೆ ಹಿಂದೆ ಸರಿಯಿತು. ಅವನು ಅದನ್ನು ನೋಡಿದ. ಬಕೆಟ್ ಇಟ್ಟು, ದೂರ ನಿಂತು, ಅದು ಕುಡಿಯುವವರೆಗೆ ಕಾದ.

“ಭಾನುವಾರ ಬಾ. ಚಾವಟಿ ಮನೇಲಿಟ್ಟು ಬಾ” ಎಂದರು ಯಜಮಾನರು.

“ಹೂಂ.”

“ಬಾಯೂ ಮನೇಲಿರಲಿ” ಎಂದರು ಗೌರಿಬಿದನೂರಿನವರು.

ಹುಡುಗ ತುಸು ಯೋಚಿಸಿದ. “ಚಾವಟಿ ಬಿಡ್ತೀನಿ, ತಾತ. ಬಾಯಿ ಸ್ವಲ್ಪ ಕಷ್ಟ.”